ಮ್ಯಾನ್ ದ್ವೀಪದ ಮೊದಲ ಪಂದ್ಯ

ಹೊಸೂರಿನಲ್ಲಿ ವಾಸಿಸುವವರಿಗೆ ಮೋಟಾರುಸೈಕಲ್ ಎಂಬುದು ಅಪೂರ್ವ ವಸ್ತುವಲ್ಲ. ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತಿನಲ್ಲಿ ಬೀದಿಯ ಅಂಚಿಗೆ ನಿಂತರೆ ಸಾಕು. ಮಳೆಗಾಲದ ಹೊಳೆಯಂತೆ ಈ ವಾಹನಗಳು ಹರಿದುಹೋಗುವುದನ್ನು ಕಾಣಬಹುದು. 1980ರಲ್ಲಿ ಟಿ.ವಿ.ಎಸ್. 50 ಎಂಬ ಪುಟ್ಟ ಮೊಪೆಡ್ಡು ಇಲ್ಲಿಯ ಕಾರ್ಖಾನೆಯಿಂದ ಹೊರಬಂದಂದಿನಿಂದ ಎರಡು ಗಾಲಿಗಳ ಮೇಲೆಯೇ ಈ ಊರಿನ ಎಷ್ಟೋ ಮನೆಗಳ ಅನ್ನ ನಡೆದುಬಂದಿದೆ. ನಮ್ಮ ತರಗತಿಯ ಹುಡುಗರಿಗೆ ಷಟ್ಪದಿಯ ಮಾತ್ರೆಗಳಿಗಿಂತ ಎಂಜಿನ್ನಿನ ಸಿ.ಸಿ. ಲೆಕ್ಕವೇ ಬೇಗ ಬಾಯಿಗೆ ಬರುತ್ತದೆಂದರೆ ಅದಕ್ಕಾಗಿ ಅವರನ್ನು ದೂರುವುದು ಉಚಿತವಲ್ಲ.

2020ರ ಏಪ್ರಿಲ್ ತಿಂಗಳಿನಲ್ಲಿ ಇದೇ ಟಿ.ವಿ.ಎಸ್. ಸಂಸ್ಥೆಯವರು ಇಂಗ್ಲೆಂಡಿನ ನಾರ್ಟನ್ ಎಂಬ ಹಳೆಯ ಮೋಟಾರುಸೈಕಲ್ ಸಂಸ್ಥೆಯನ್ನು ಕೊಂಡುಕೊಂಡರು. ಆ ವಿಷಯವನ್ನು ಮನೆಯಲ್ಲಿ ಕೇಳಿ ತಿಳಿದಿದ್ದ ವಿದ್ಯಾರ್ಥಿಯೊಬ್ಬನು ಮುಂದೊಂದು ದಿನ, "ಸಾರ್, ನಾರ್ಟನ್ ಅಂದರೆ ಅಷ್ಟು ದೊಡ್ಡ ಹೆಸರೆ?" ಎಂದು ಕೇಳಿದನು. ನಾವು ಪಂಪ ರನ್ನರನ್ನು ಓದಿದವರೇ ಹೊರತು ಯಂತ್ರಗಳ ಚರಿತ್ರೆಯನ್ನು ಓದಿದವರಲ್ಲ. ಆದರೂ ಶಿಷ್ಯನ ಪ್ರಶ್ನೆ ಗುರುವಿನ ಮೇಲಿನ ಸಾಲವಷ್ಟೆ. ಆ ಸಾಲವನ್ನು ತೀರಿಸಲು ಓದತೊಡಗಿದಾಗ ಅದು ನಮ್ಮನ್ನು ಒಂದು ಪುಟ್ಟ ದ್ವೀಪಕ್ಕೆ ಕರೆದೊಯ್ದಿತು. ಅಲ್ಲಿ ಕಂಡದ್ದು ಮೋಟಾರುಸೈಕಲಿನ ಕಥೆ ಮಾತ್ರವಾಗಿರಲಿಲ್ಲ. ಗಡಿಯಲ್ಲಿ ಬಾಳುವ ನಾವು ತಿಳಿಯಬೇಕಾದ ಕೆಲವು ಸಂಗತಿಗಳೂ ಅಲ್ಲಿದ್ದವು. ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಗೆ ಇಂಥ ವಿಷಯವನ್ನೇಕೆ ಆರಿಸಿಕೊಂಡೆವೆಂದು ಆಶ್ಚರ್ಯಪಡುವ ವಾಚಕರು ಕಡೆಯವರೆಗೆ ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇವೆ.

ಇಂಗ್ಲೆಂಡು ಮತ್ತು ಐರ್ಲೆಂಡುಗಳ ನಡುವಣ ಸಮುದ್ರದಲ್ಲಿ ಮ್ಯಾನ್ ಎಂಬ ದ್ವೀಪವಿದೆ. ಇದರ ಉದ್ದ ಮೂವತ್ತಮೂರು ಮೈಲಿಗಳಷ್ಟು, ಅಗಲ ಹದಿಮೂರು ಮೈಲಿಗಳಷ್ಟು. ನಡುವೆ ಸ್ನೇಫೆಲ್ ಎಂಬ ಬೆಟ್ಟ. ಅದರ ಎತ್ತರ 2,036 ಅಡಿ. ನಮ್ಮ ನಂದಿಯ ಬೆಟ್ಟ ಇದಕ್ಕಿಂತ ಬಹು ಎತ್ತರವಾದುದು. ಈ ದ್ವೀಪವು ಬ್ರಿಟನ್ನಿನ ದೊರೆತನಕ್ಕೆ ಒಳಪಟ್ಟಿದ್ದರೂ ಬ್ರಿಟನ್ ರಾಜ್ಯದ ಭಾಗವಲ್ಲ. ಸಾವಿರ ವರ್ಷಗಳ ಪರಂಪರೆ ತನಗುಂಟೆಂದು ಹೇಳಿಕೊಳ್ಳುವ ಟಿನ್‌ವಾಲ್ಡ್ ಎಂಬ ಅದರದೇ ಶಾಸನಸಭೆಯಿದೆ. ಪ್ರತಿವರ್ಷ ಜುಲೈ ತಿಂಗಳಿನಲ್ಲಿ ಸೇಂಟ್ ಜಾನ್ಸ್ ಎಂಬ ಹಳ್ಳಿಯ ಮಣ್ಣಿನ ದಿಬ್ಬದ ಬಳಿ ಸಭೆ ಸೇರಿ, ಆ ವರ್ಷದ ಶಾಸನಗಳನ್ನು ಇಂಗ್ಲಿಷಿನಲ್ಲಿಯೂ ದ್ವೀಪದ ಪ್ರಾಚೀನ ಭಾಷೆಯಾದ ಮ್ಯಾಂಕ್ಸಿನಲ್ಲಿಯೂ ಜನರಿಗೆ ಸಾರುತ್ತಾರೆ. ಈ ದಿಬ್ಬದ ಹಳ್ಳಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಕಥೆ ಮೂರು ಬಾರಿ ಅಲ್ಲಿಗೆ ಬರಲಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೋಟಾರು ವಾಹನಗಳು ಹೊಸದಾಗಿ ಬಂದಾಗ ಇಂಗ್ಲೆಂಡಿನ ಕಾನೂನು ಅವುಗಳ ವೇಗಕ್ಕೆ ಕಡಿವಾಣ ಹಾಕಿತು. 1903ರ ಶಾಸನದ ಪ್ರಕಾರ ಗಂಟೆಗೆ 20 ಮೈಲಿಗಿಂತ ವೇಗವಾಗಿ ಓಡಿಸುವಂತಿರಲಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯವೆಂಬ ಮಾತು ದೂರವೇ ಉಳಿಯಿತು. ಯಂತ್ರಗಳನ್ನು ಪರೀಕ್ಷಿಸಬೇಕೆಂದವರು ಮ್ಯಾನ್ ದ್ವೀಪದತ್ತ ನೋಡಿದರು. 1904ರಲ್ಲಿ ಟಿನ್‌ವಾಲ್ಡ್ ಸಭೆಯು ಪಂದ್ಯದ ದಿನಗಳಲ್ಲಿ ರಸ್ತೆಗಳನ್ನು ಮುಚ್ಚಲು ಅನುಮತಿ ನೀಡುವ ಶಾಸನವನ್ನು ಮಾಡಿತು. ಮೊದಲು ಕಾರುಗಳೂ ಅವುಗಳ ಹಿಂದೆ ಮೋಟಾರುಸೈಕಲುಗಳೂ ದ್ವೀಪಕ್ಕೆ ಬಂದವು. ದೊಡ್ಡ ರಾಜ್ಯವು ಬೇಡವೆಂದುದನ್ನು ಚಿಕ್ಕ ನಾಡು ತನ್ನದೇ ಶಾಸನದ ಬಲದಿಂದ ಆಗಮಾಡಿತು. ಈ ಪಂದ್ಯದ ಚರಿತ್ರೆಯ ಮೂಲ ಇಲ್ಲಿದೆ.

1907ರ ಮೇ 28ರಂದು ಟೂರಿಸ್ಟ್ ಟ್ರೋಫಿ ಎಂಬ ಹೆಸರಿನ ಮೊದಲ ಮೋಟಾರುಸೈಕಲ್ ಪಂದ್ಯವು ಅದೇ ಸೇಂಟ್ ಜಾನ್ಸ್ ಹಳ್ಳಿಯಿಂದ ಹೊರಟಿತು. ಈ ಹೆಸರನ್ನು ಚಿಕ್ಕದು ಮಾಡಿ ಜನರು ಟಿ.ಟಿ. ಎನ್ನುತ್ತಾರೆ. ಹದಿನಾರು ಮೈಲಿಗಳಿಗೆ ತುಸು ಕಡಿಮೆಯಾದ ಸುತ್ತು. ಅಂಥ ಹತ್ತು ಸುತ್ತುಗಳು. ಹೊರಟವರು 25 ಮಂದಿ. ಒಂದು ಸಿಲಿಂಡರಿನ ಯಂತ್ರಗಳಲ್ಲಿ ಚಾರ್ಲಿ ಕಾಲಿಯರ್ ಎಂಬವರು ಮ್ಯಾಚ್‌ಲೆಸ್ ಯಂತ್ರದ ಮೇಲೆ ಗಂಟೆಗೆ 38 ಮೈಲಿಗಳ ಸರಾಸರಿ ವೇಗದಿಂದ ಗೆದ್ದರು. ಎರಡು ಸಿಲಿಂಡರಿನ ವರ್ಗದಲ್ಲಿ ರೆಮ್ ಫೌಲರ್ ಗೆದ್ದರು. ಅವರ ಯಂತ್ರ ನಾರ್ಟನ್. 1898ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಆ ಸಂಸ್ಥೆಗೆ ಆಗ ಹತ್ತು ವರ್ಷವೂ ತುಂಬಿರಲಿಲ್ಲ. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರ ದೊರೆಯಿತು.

1911ರಲ್ಲಿ ಪಂದ್ಯವು ಸ್ನೇಫೆಲ್ ಬೆಟ್ಟವನ್ನು ಬಳಸಿ ಹೋಗುವ ದೊಡ್ಡ ಸುತ್ತಿಗೆ ವರ್ಗವಾಯಿತು. ಇಂದು ಅದರ ಉದ್ದ 37 ಮುಕ್ಕಾಲು ಮೈಲಿಗಳಷ್ಟು. ಇದು ಪಂದ್ಯಕ್ಕಾಗಿ ಕಟ್ಟಿದ ಬಯಲಲ್ಲ. ಹಾಲು ತರುವ, ಶಾಲೆಗೆ ಹೋಗುವ, ಸಂತೆಗೆ ನಡೆಯುವ ಸಾಮಾನ್ಯ ರಸ್ತೆ. ಎರಡು ಮಗ್ಗುಲಲ್ಲಿಯೂ ಕಲ್ಲುಗೋಡೆ, ಮನೆಯ ಬಾಗಿಲು, ಸೇತುವೆ, ಮರ. ಸವಾರರೆಲ್ಲರೂ ಒಮ್ಮೆಗೇ ಹೊರಡುವುದಿಲ್ಲ. ಅಲ್ಪ ಅಂತರಗಳಲ್ಲಿ ಬಿಡಲಾಗುತ್ತದೆ. ಆದುದರಿಂದ ಪಕ್ಕದವನನ್ನು ಹಿಂದೆ ಹಾಕುವುದಷ್ಟೇ ಇಲ್ಲಿ ಗೆಲುವಲ್ಲ, ಗಡಿಯಾರವನ್ನೇ ಗೆಲ್ಲಬೇಕು. ಆ ವರ್ಷದ ಹಿರಿಯ ಪಂದ್ಯದಲ್ಲಿ ಮೊದಲ ಮೂರು ಸ್ಥಾನಗಳನ್ನೂ ಪಡೆದ ಯಂತ್ರಗಳ ಹೆಸರು 'ಇಂಡಿಯನ್'. ಇದನ್ನು ಕೇಳಿ ನಮ್ಮ ಹುಡುಗರು ಹಿಗ್ಗಿದರು. ಅದು ಅಮೆರಿಕದ ಕಾರ್ಖಾನೆಯೊಂದರ ಹೆಸರೆಂದು ತಿಳಿಸಿ ಅವರ ಉತ್ಸಾಹವನ್ನು ತಣಿಸಬೇಕಾಯಿತು.

ವಾಚಕರ ಗಮನಕ್ಕೆ ತರಬೇಕಾದ ಇನ್ನೊಂದು ಮಾತು ಆ ದಾರಿಯ ಸ್ಥಳನಾಮಗಳನ್ನು ಕುರಿತದ್ದು. ಭಾಷೆಯ ಅಧ್ಯಾಪಕರಾದ ನಮಗೆ ಯಂತ್ರಗಳ ಹೆಸರಿಗಿಂತ ಇವೇ ಹೆಚ್ಚು ಹಿಡಿಸಿದವು. ಬಲ್ಲಕ್ರೇನ್ ಎಂಬಲ್ಲಿಯ 'ಬಲ್ಲ' ಎಂದರೆ ಮನೆ ಮತ್ತು ಹೊಲಗಳುಳ್ಳ ವಾಸದ ನೆಲೆ. ಕ್ರೆಗ್-ನಿ-ಬಾ ಎಂದರೆ ಹಸುವಿನ ಬಂಡೆ. ಕ್ರಾಂಕ್-ನಿ-ಮೋನಾ ಎಂಬ ಏರಿನ ಹೆಸರಿನಲ್ಲಿರುವ 'ಕ್ರಾಂಕ್' ಎಂದರೆ ಗುಡ್ಡ. ಇವೆಲ್ಲವೂ ಮ್ಯಾಂಕ್ಸ್ ಭಾಷೆಯ ಮಾತುಗಳು. ಪಂದ್ಯ ನೋಡಲು ಬರುವ ಸಹಸ್ರಾರು ಜನರು ಈ ಹೆಸರುಗಳನ್ನು ಉಚ್ಚರಿಸುತ್ತಾರೆ. ಅರ್ಥ ತಿಳಿದವರು ಎಷ್ಟು ಮಂದಿಯೋ! ಹೊಸೂರೆಂಬ ಹೆಸರಿನಲ್ಲಿ 'ಹೊಸ' ಮತ್ತು 'ಊರು' ಎಂಬ ಎರಡು ಅಚ್ಚಗನ್ನಡ ಮಾತುಗಳಿವೆಯೆಂದು ಪ್ರತಿವರ್ಷ ಹೊಸ ತರಗತಿಗೆ ಹೇಳಿಕೊಡುವ ನಮಗೆ ಈ ಸಂಗತಿ ದೂರದ್ದೆನಿಸಲಿಲ್ಲ.

ಪಂದ್ಯದ ವೇಗವು ವರ್ಷದಿಂದ ವರ್ಷಕ್ಕೆ ಏರಿತು. 1938ರಲ್ಲಿ ಹೆರಾಲ್ಡ್ ಡೇನಿಯಲ್ ಎಂಬ, ದಪ್ಪ ಕನ್ನಡಕದ ಸವಾರರು ನಾರ್ಟನ್ ಯಂತ್ರದ ಮೇಲೆ ಒಂದು ಸುತ್ತನ್ನು ಗಂಟೆಗೆ 91 ಮೈಲಿಗಳ ವೇಗದಲ್ಲಿ ಮುಗಿಸಿದರು. 1939ರ ಜೂನಿನಲ್ಲಿ ಜರ್ಮನಿಯ ಗೆಯೋರ್ಗ್ ಮೈಯರ್ ಬಿ.ಎಂ.ಡಬ್ಲ್ಯು. ಯಂತ್ರದೊಡನೆ ಬಂದು ಹಿರಿಯ ಪಂದ್ಯವನ್ನು ಗೆದ್ದರು. ಮೂರು ತಿಂಗಳೊಳಗಾಗಿ ಮಹಾಯುದ್ಧ ಹೊತ್ತಿಕೊಂಡಿತು. ದ್ವೀಪದ ರಸ್ತೆಗಳು ಪಂದ್ಯವಿಲ್ಲದೆ ಏಳು ಬೇಸಗೆಗಳನ್ನು ಕಳೆದವು. 1947ರಲ್ಲಿ ಮಾತ್ರ ಪಂದ್ಯ ಮರಳಿ ಬಂದಿತು.

ಇನ್ನು 1949ನೆಯ ವರ್ಷಕ್ಕೆ ಬರೋಣ. ಅಲ್ಲಿಯವರೆಗೆ ಒಂದೊಂದು ದೇಶದ ಪಂದ್ಯವೂ ತನ್ನಷ್ಟಕ್ಕೆ ತಾನಾಗಿತ್ತು. ಯೂರೋಪಿನ ಮಟ್ಟದ ಸ್ಪರ್ಧೆಯೊಂದು ಯುದ್ಧಪೂರ್ವದಲ್ಲಿದ್ದುದುಂಟು. 1949ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟವು ಹಲವು ದೇಶಗಳ ಪಂದ್ಯಗಳನ್ನು ಒಂದೇ ಸರಣಿಯಾಗಿ ಹೆಣೆದು, ಅಂಕಗಳನ್ನು ಕೂಡಿಸಿ, ವರ್ಷದ ಕೊನೆಗೆ ಜಗಜ್ಜೇತನನ್ನು ನಿರ್ಣಯಿಸುವ ಕ್ರಮವನ್ನು ಪ್ರಾರಂಭಿಸಿತು. ಮೊದಲ ಐದು ಸ್ಥಾನಗಳಿಗೆ ಅನುಕ್ರಮವಾಗಿ 10, 8, 7, 6, 5 ಅಂಕಗಳು. ಅತಿವೇಗದ ಸುತ್ತಿಗೆ ಇನ್ನೊಂದು ಅಂಕ. 500 ಸಿ.ಸಿ. ವರ್ಗಕ್ಕೆ ಆರು ಪಂದ್ಯಗಳು: ಮ್ಯಾನ್ ದ್ವೀಪ, ಸ್ವಿಟ್ಜರ್ಲೆಂಡು, ಹಾಲೆಂಡು, ಬೆಲ್ಜಿಯಂ, ಅಲ್‌ಸ್ಟರ್, ಇಟಲಿ. ಸವಾರನ ಅತ್ಯುತ್ತಮವಾದ ಮೂರು ಫಲಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಆ ಸರಣಿಯ ಬಾಗಿಲನ್ನು ತೆರೆಯುವ ಗೌರವ ಈ ಪುಟ್ಟ ದ್ವೀಪಕ್ಕೆ ದೊರೆಯಿತು.

ಜೂನ್ 13ರಂದು 350 ಸಿ.ಸಿ. ವರ್ಗದ ಪಂದ್ಯ ನಡೆಯಿತು. ವೆಲೊಸೆಟ್ ಯಂತ್ರದ ಫ್ರೆಡಿ ಫ್ರಿತ್ ಗೆದ್ದರು. ಜಾಗತಿಕ ಸರಣಿಯ ಪ್ರಪ್ರಥಮ ವಿಜಯವೆಂದು ಅದು ದಾಖಲಾಯಿತು. ಆ ವರ್ಷ ತಮ್ಮ ವರ್ಗದ ಐದು ಪಂದ್ಯಗಳನ್ನೂ ಅವರೇ ಗೆದ್ದರು. ಅದೇ ದಿನ, ಅದೇ ಪಂದ್ಯದಲ್ಲಿ, ಹನ್ನೊಂದನೆಯ ಮೈಲಿಗಲ್ಲಿನ ಬಳಿ ಬೆನ್ ಡ್ರಿಂಕ್‌ವಾಟರ್ ಎಂಬ ಸವಾರರು ಬಿದ್ದು ಪ್ರಾಣ ಬಿಟ್ಟರು. ಆ ತಿರುವಿಗೆ ಇಂದಿಗೂ ಅವರ ಹೆಸರಿದೆ. ಸರಣಿಯ ಮೊದಲ ಗೆಲುವೂ ಮೊದಲ ಮರಣವೂ ಒಂದೇ ಹಗಲಿನಲ್ಲಿ ಸಂಭವಿಸಿದವು. ಚರಿತ್ರೆಯನ್ನು ಬರೆಯುವವರು ಒಂದನ್ನು ಹೇಳಿ ಇನ್ನೊಂದನ್ನು ಮರೆಯುವುದು ನ್ಯಾಯವಲ್ಲ.

ಜೂನ್ 17ರಂದು ಹಿರಿಯ ಪಂದ್ಯ. ಏಳು ಸುತ್ತು, 264 ಮೈಲಿ. ಸ್ಪರ್ಧಿಗಳಲ್ಲಿ ಎ.ಜೆ.ಎಸ್. ಯಂತ್ರದ ಲೆಸ್ಲಿ ಗ್ರಹಾಂ ಒಬ್ಬರು. ಜನನ 1911ರಲ್ಲಿ. ಪ್ರಾಯದ ಉತ್ತಮ ವರ್ಷಗಳನ್ನು ಯುದ್ಧಕ್ಕೆ ತೆತ್ತವರು. ಲ್ಯಾಂಕಾಸ್ಟರ್ ಎಂಬ ಬಾಂಬರ್ ವಿಮಾನವನ್ನು ನಡೆಸಿ ಶೌರ್ಯಪದಕವನ್ನು ಪಡೆದವರು. ಅವರ ಯಂತ್ರಕ್ಕೆ ಜನರಿಟ್ಟ ಹೆಸರು ಮುಳ್ಳುಹಂದಿ. ಅದರ ಸಿಲಿಂಡರಿನ ಮೇಲೆ ಶಾಖವನ್ನು ಕಳೆಯಲು ಮುಳ್ಳಿನಂಥ ಚೂಪುಗಳಿದ್ದವು. ಆ ದಿನ ಗುಟ್ಸಿ ಯಂತ್ರದ ಬಾಬ್ ಫಾಸ್ಟರ್ ಗಂಟೆಗೆ ಸುಮಾರು 90 ಮೈಲಿಗಳ ವೇಗದಲ್ಲಿ ಅತಿವೇಗದ ಸುತ್ತನ್ನು ಮಾಡಿದರು. ಆದರೆ ಅವರ ಯಂತ್ರವು ಕೆಟ್ಟು ನಿಂತಿತು. ಅನಂತರ ಗ್ರಹಾಂ ಮುಂದಾದರು. ಆರು ಸುತ್ತು ಮುಗಿದು ಏಳನೆಯದೂ ಮುಗಿಯುತ್ತ ಬಂದಿತು. ಬೆಟ್ಟವನ್ನಿಳಿದು, ಹಸುವಿನ ಬಂಡೆಯನ್ನು ದಾಟಿ, ಹಿಲ್‌ಬೆರಿ ಎಂಬಲ್ಲಿಗೆ ಬಂದರು. ಗುರಿಗೆ ಇನ್ನು ಎರಡು ಮೈಲಿಗಳಷ್ಟೇ ಉಳಿದಿತ್ತು.

ಅಲ್ಲಿ ಎಂಜಿನ್ನು ಸದ್ದಡಗಿತು. ಕಿಡಿಯನ್ನು ಹುಟ್ಟಿಸುವ ಮ್ಯಾಗ್ನೆಟೊ ಎಂಬ ಭಾಗದ ಕಡ್ಡಿ ಮುರಿದಿತ್ತು. ಅದನ್ನು ದಾರಿಯಲ್ಲಿ ಸರಿಪಡಿಸುವುದು ಯಾರಿಂದಲೂ ಆಗದ ಕೆಲಸ. ಮೂರು ಗಂಟೆಗಳ ದುಡಿಮೆ ಬೆರಳೆಣಿಕೆಯ ನಿಮಿಷಗಳು ಬಾಕಿಯಿರುವಾಗ ಮಣ್ಣುಪಾಲಾಯಿತು. ಅಂಥ ಸಮಯದಲ್ಲಿ ಯಂತ್ರವನ್ನು ಗೋಡೆಗೊರಗಿಸಿ ಕುಳಿತರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಗ್ರಹಾಂ ಕೆಳಗಿಳಿದು ಯಂತ್ರವನ್ನು ತಳ್ಳತೊಡಗಿದರು. ಮುಂದೆ ಇದ್ದುದು ಕ್ರಾಂಕ್-ನಿ-ಮೋನಾದ ಏರು. ಹಿಂದೆ ಇದ್ದವರು ಒಬ್ಬೊಬ್ಬರಾಗಿ ಅವರನ್ನು ದಾಟಿ ಹೋದರು. ಅವರು ಮಾತ್ರ ತಳ್ಳುತ್ತಲೇ ನಡೆದು ಗುರಿಯನ್ನು ಮುಟ್ಟಿದರು. ಪಂದ್ಯವನ್ನು ಗಂಟೆಗೆ ಸುಮಾರು 87 ಮೈಲಿಗಳ ಸರಾಸರಿಯಿಂದ ಗೆದ್ದವರು ಕನ್ನಡಕದ ಹೆರಾಲ್ಡ್ ಡೇನಿಯಲ್. ಅವರ ಯಂತ್ರ ನಾರ್ಟನ್. ಎರಡನೆಯ ಸ್ಥಾನವನ್ನು ಪಡೆದ ಜಾನಿ ಲಾಕೆಟ್ ಅವರದೂ ನಾರ್ಟನ್ನೇ. ಗ್ರಹಾಂ ಅವರಿಗೆ ಆ ಎರಡು ಮೈಲಿಗಳ ಶ್ರಮಕ್ಕೆ ಒಂದಂಕವೂ ಸಿಕ್ಕಲಿಲ್ಲ.

ಆದರೆ ವರ್ಷ ಮುಗಿದಿರಲಿಲ್ಲ. ಮುಂದಿನ ತಿಂಗಳು ಸ್ವಿಟ್ಜರ್ಲೆಂಡಿನಲ್ಲಿ ಗ್ರಹಾಂ ಗೆದ್ದರು. ಹಾಲೆಂಡಿನಲ್ಲಿ ಎರಡನೆಯವರಾದರು. ಆಗಸ್ಟಿನಲ್ಲಿ ಅಲ್‌ಸ್ಟರಿನಲ್ಲಿ ಮತ್ತೆ ಗೆದ್ದರು. ಅವರಿಗೆ ಎದುರಾಳಿಯಾಗಿ ನಿಂತವರು ಇಟಲಿಯ ನೆಲ್ಲೊ ಪಗಾನಿ. ಗಿಲೆರಾ ಯಂತ್ರದ ಮೇಲೆ ಅವರೂ ಎರಡು ಪಂದ್ಯಗಳನ್ನು ಗೆದ್ದರು. ಕೆಲವೇ ವರ್ಷಗಳ ಹಿಂದೆ ಈ ಎರಡು ದೇಶಗಳ ತರುಣರು ಒಬ್ಬರನ್ನೊಬ್ಬರು ಕೊಲ್ಲಲು ಹೊರಟಿದ್ದರು. ಈಗ ಅಂಕಗಳಿಗಾಗಿ ಸೆಣಸಿದರು. ಕಡೆಗೆ ಕೂಡಿಸಿ ನೋಡಲಾಗಿ ಪಗಾನಿ ಅವರಿಗೆ 29 ಅಂಕ, ಗ್ರಹಾಂ ಅವರಿಗೆ 30. ಒಂದೇ ಒಂದು ಅಂಕದ ಅಂತರದಿಂದ, ಮೊದಲ ಪಂದ್ಯದಲ್ಲಿ ಯಂತ್ರವನ್ನು ತಳ್ಳಿಕೊಂಡು ಬಂದವರು 500 ಸಿ.ಸಿ. ವರ್ಗದ ಮೊದಲ ಜಗಜ್ಜೇತರಾದರು. ತಳ್ಳಿದ್ದರಿಂದಲೇ ಗೆದ್ದರೆಂದು ನಾವು ಹೇಳುವುದಿಲ್ಲ. ಅದು ಲೆಕ್ಕಕ್ಕೆ ವಿರುದ್ಧ. ತಳ್ಳುವ ಗುಣವಿದ್ದವರು ಗೆದ್ದರೆಂದು ಹೇಳಿದರೆ ಸತ್ಯಕ್ಕೆ ಸಮೀಪವಾದೀತು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಕೇಳುವವರಿಗೆ ಸುಖ. ಆದರೆ ಚರಿತ್ರೆ ನಮ್ಮ ಸುಖಕ್ಕಾಗಿ ನಿಲ್ಲುವುದಿಲ್ಲ. 1953ರಲ್ಲಿಯೂ ಜಾಗತಿಕ ಸರಣಿಯು ಮ್ಯಾನ್ ದ್ವೀಪದಿಂದಲೇ ಪ್ರಾರಂಭವಾಯಿತು. ಆಗ ಎಂ.ವಿ. ಅಗಸ್ಟಾ ಸಂಸ್ಥೆಗೆ ಸೇರಿದ್ದ ಗ್ರಹಾಂ 125 ಸಿ.ಸಿ. ವರ್ಗದ ಪಂದ್ಯವನ್ನು ಗೆದ್ದರು. ದ್ವೀಪದಲ್ಲಿ ಅವರು ಕಂಡ ಮೊದಲ ಗೆಲುವು ಅದು. ಮರುದಿನ, ಜೂನ್ 12ರಂದು, ಹಿರಿಯ ಪಂದ್ಯದ ಎರಡನೆಯ ಸುತ್ತಿನಲ್ಲಿ ಬ್ರೇ ಹಿಲ್ ಎಂಬ ಇಳಿಜಾರಿನ ಬುಡದಲ್ಲಿ ಬಿದ್ದು ಮಡಿದರು. ಬೆಟ್ಟದ ದಾರಿಯಲ್ಲಿ ಅವರ ಸ್ಮಾರಕವಿದೆ. 1967ರಲ್ಲಿ ಅವರ ಮಗ ಸ್ಟುವರ್ಟ್ ಗ್ರಹಾಂ ಅದೇ ದ್ವೀಪದಲ್ಲಿ 50 ಸಿ.ಸಿ. ಪಂದ್ಯವನ್ನು ಗೆದ್ದರು. ತಂದೆಯನ್ನು ನುಂಗಿದ ದಾರಿಗೆ ಮಗನು ಯಾವ ಮನಸ್ಸಿನಿಂದ ಇಳಿದನೋ, ಊಹಿಸುವ ಶಕ್ತಿ ನಮಗಿಲ್ಲ.

ಇದುವರೆಗೆ ಆ ಬೆಟ್ಟದ ಸುತ್ತಿನಲ್ಲಿ ಮಡಿದ ಸವಾರರು 260ಕ್ಕೂ ಹೆಚ್ಚು. 1972ರಲ್ಲಿ ಇಟಲಿಯ ಗಿಲ್ಬರ್ತೊ ಪಾರ್ಲೊತ್ತಿ ಮಡಿದಾಗ, ಅಲ್ಲಿಯೇ ಹತ್ತು ಪಂದ್ಯಗಳನ್ನು ಗೆದ್ದಿದ್ದ ಅಗೊಸ್ತಿನಿ ಇನ್ನು ಈ ದಾರಿಗೆ ಬರುವುದಿಲ್ಲವೆಂದರು. ಅನೇಕರು ಅವರನ್ನು ಅನುಸರಿಸಿದರು. 1976ರ ಬಳಿಕ ಜಾಗತಿಕ ಸರಣಿಯು ದ್ವೀಪವನ್ನು ಬಿಟ್ಟಿತು. 1977ರಿಂದ ಬ್ರಿಟನ್ನಿನ ಪಂದ್ಯವು ಇಂಗ್ಲೆಂಡಿನ ಸಿಲ್ವರ್‌ಸ್ಟನ್ ಎಂಬ ಮುಚ್ಚಿದ ಬಯಲಿಗೆ ಹೋಯಿತು. ಬಾಗಿಲು ತೆರೆದ ಮನೆಯೇ ಹೊರಗುಳಿಯಿತು. ದ್ವೀಪದವರಾದರೋ ತಮ್ಮ ಪಂದ್ಯವನ್ನು ಬಿಡಲಿಲ್ಲ. ಜಗತ್ತಿನ ಅಂಕಗಳಿಲ್ಲದೆಯೇ ಅದನ್ನು ನಡೆಸಿಕೊಂಡು ಬಂದರು. 2023ರಲ್ಲಿ ಪೀಟರ್ ಹಿಕ್‌ಮನ್ ಅದೇ ಸುತ್ತನ್ನು ಗಂಟೆಗೆ 136 ಮೈಲಿಗಳಿಗೂ ಮಿಗಿಲಾದ ವೇಗದಲ್ಲಿ ಮುಗಿಸಿದರು. ಇಷ್ಟು ಪ್ರಾಣಗಳನ್ನು ಬೇಡುವ ಆಟ ಬೇಕೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾದ ಉತ್ತರವಿಲ್ಲ. ಹೊಸೂರಿನ ರಸ್ತೆಯಲ್ಲಿ ತಲೆಗವಚವಿಲ್ಲದೆ ಹಾರುವ ಹುಡುಗರನ್ನು ಕಂಡಾಗಲೆಲ್ಲ ಡ್ರಿಂಕ್‌ವಾಟರ್ ಅವರ ತಿರುವು ನೆನಪಾಗುತ್ತದೆಂದಷ್ಟೇ ಹೇಳಬಲ್ಲೆವು. ಅವರು ಪಂದ್ಯಕ್ಕೆಂದು ಮುಚ್ಚಿದ ರಸ್ತೆಯಲ್ಲಿ ಓಡಿದವರು. ನಮ್ಮ ಹುಡುಗರು ಓಡುವುದು ಮುದುಕರೂ ಮಕ್ಕಳೂ ನಡೆಯುವ ದಾರಿಯಲ್ಲಿ.

ಈಗ ಮೂರನೆಯ ಬಾರಿ ಸೇಂಟ್ ಜಾನ್ಸ್ ಹಳ್ಳಿಗೆ ಹೋಗೋಣ. ಪಂದ್ಯವು ಬೆಳೆದಂತೆ ದ್ವೀಪದ ಭಾಷೆ ಕ್ಷೀಣಿಸುತ್ತ ಬಂದಿತ್ತು. ಪಂದ್ಯವೇ ಅದಕ್ಕೆ ಕಾರಣವೆಂದರೆ ತಪ್ಪಾದೀತು. ಭಾಷೆಯ ಇಳಿಮುಖ ಅದಕ್ಕೂ ಬಹು ಹಿಂದಿನದು. ಇಂಗ್ಲಿಷಿನಿಂದ ಹೊಟ್ಟೆ ತುಂಬುತ್ತದೆ, ಮ್ಯಾಂಕ್ಸಿನಿಂದ ತುಂಬುವುದಿಲ್ಲವೆಂದು ನಂಬಿದ ತಂದೆತಾಯಿಯರು ಮಕ್ಕಳೊಡನೆ ಅದನ್ನಾಡುವುದನ್ನು ಬಿಟ್ಟರು. 1901ರ ಗಣತಿಯಲ್ಲಿ ಅದನ್ನು ಬಲ್ಲವರು ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯಿದ್ದರು. 1951ರಲ್ಲಿ ಉಳಿದವರು 355. ಗ್ರಹಾಂ ಯಂತ್ರವನ್ನು ತಳ್ಳಿದ ಕಾಲದಲ್ಲಿ, ಕ್ರಾಂಕ್-ನಿ-ಮೋನಾ ಎಂಬ ಹೆಸರನ್ನು ತಾಯಿನುಡಿಯಾಗಿ ಅರಿತ ಕೆಲವೇ ವೃದ್ಧರು ದ್ವೀಪದಲ್ಲಿದ್ದರು. ಅವರಲ್ಲಿ ಕಡೆಯವರಾದ ನೆಡ್ ಮ್ಯಾಡ್ರೆಲ್ 1974ರ ಡಿಸೆಂಬರಿನಲ್ಲಿ ತೀರಿಕೊಂಡರು. ಎಂಜಿನ್ನು ನಿಂತಿತು.

ಆಗ ತಳ್ಳುವವರು ಹುಟ್ಟಿಕೊಂಡರು. ವೃದ್ಧರ ಮನೆಗಳಿಗೆ ಹೋಗಿ ಮೊದಲೇ ಕಲಿತಿದ್ದವರು, ಧ್ವನಿಮುದ್ರಿಕೆಗಳನ್ನು ಕಾಪಾಡಿದ್ದವರು, ಇತರರಿಗೆ ಕಲಿಸಿದರು. 2001ರಲ್ಲಿ ಎಲ್ಲ ಪಾಠಗಳನ್ನೂ ಮ್ಯಾಂಕ್ಸಿನಲ್ಲಿಯೇ ಹೇಳುವ ಪ್ರಾಥಮಿಕ ಶಾಲೆ ಆರಂಭವಾಯಿತು. ಬಳಿಕ ಅದು ಸೇಂಟ್ ಜಾನ್ಸ್ ಹಳ್ಳಿಯಲ್ಲಿ ನೆಲೆಸಿತು. ಶಾಸನಗಳನ್ನು ಸಾರುವ ದಿಬ್ಬವೂ, 1907ರಲ್ಲಿ ಮೊದಲ ಪಂದ್ಯ ಹೊರಟ ಸ್ಥಳವೂ, ಭಾಷೆಯ ಶಾಲೆಯೂ ಒಂದೇ ಊರಿನಲ್ಲಿವೆ. 2009ರಲ್ಲಿ ಯುನೆಸ್ಕೊ ಸಂಸ್ಥೆಯವರು ಮ್ಯಾಂಕ್ಸ್ ಭಾಷೆಯನ್ನು ಅಳಿದ ಭಾಷೆಗಳ ಪಟ್ಟಿಗೆ ಸೇರಿಸಿದಾಗ ಆ ಶಾಲೆಯ ಮಕ್ಕಳು ಕಾಗದ ಬರೆದು, ನಮ್ಮ ಭಾಷೆ ಅಳಿದಿದ್ದರೆ ಈ ಕಾಗದವನ್ನು ಬರೆದಿರುವುದು ಯಾವ ಭಾಷೆಯಲ್ಲಿ ಎಂಬ ಅರ್ಥದ ಪ್ರಶ್ನೆಯನ್ನು ಕೇಳಿದರು. ಪಟ್ಟಿಯನ್ನು ತಿದ್ದಬೇಕಾಯಿತು. ಇಂದು ಆ ಭಾಷೆಯನ್ನು ಅಲ್ಪಸ್ವಲ್ಪವಾದರೂ ಬಲ್ಲವರು ದ್ವೀಪದಲ್ಲಿ ಎರಡು ಸಾವಿರದಷ್ಟಿದ್ದಾರೆ.

ಕನ್ನಡಕ್ಕೆ ಅಂಥ ದುರ್ದೆಸೆ ಬಂದಿದೆಯೆಂದು ನಾವು ಹೇಳುತ್ತಿಲ್ಲ. ಕೋಟ್ಯಂತರ ಜನರ ನುಡಿಯನ್ನು ಅದರೊಡನೆ ಹೋಲಿಸುವುದು ಅತಿಶಯೋಕ್ತಿ. ಆದರೆ ಗಡಿಯಲ್ಲಿ ಭಾಷೆಯ ಲೆಕ್ಕ ಕೋಟಿಗಳಲ್ಲಿ ನಡೆಯುವುದಿಲ್ಲ. ಮನೆಗಳಲ್ಲಿಯೂ ಶಾಲೆಯ ಬೆಂಚುಗಳಲ್ಲಿಯೂ ನಡೆಯುತ್ತದೆ. ನಮ್ಮ ತರಗತಿಯ ಹಾಜರಿ ಪುಸ್ತಕವನ್ನು ನಾವು ಪ್ರತಿ ಜೂನಿನಲ್ಲಿಯೂ ತೆರೆದು ಹೆಸರುಗಳನ್ನು ಎಣಿಸುತ್ತೇವೆ. ಆ ಎಣಿಕೆ ಎಂದಿಗೂ ನಮಗೆ ಸುಲಭವಾದುದಲ್ಲ. ಕನ್ನಡದಿಂದ ಹೊಟ್ಟೆ ತುಂಬುವುದೆ ಎಂಬ ಮಾತನ್ನು ನಾವೂ ಕೇಳಿದ್ದೇವೆ. ಮ್ಯಾನ್ ದ್ವೀಪದ ತಂದೆತಾಯಿಯರು ಆಡಿದ ಮಾತೇ ಅದು.

ವಿದ್ಯಾರ್ಥಿಯ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇದು: "ಹೌದಪ್ಪಾ, ನಾರ್ಟನ್ ದೊಡ್ಡ ಹೆಸರೇ, 1907ರಲ್ಲಿಯೂ 1949ರಲ್ಲಿಯೂ ಗೆದ್ದ ಹೆಸರು. ಆದರೆ ಆ ದಿನ ಸೋತು, ನಿಂತುಹೋದ ಯಂತ್ರವನ್ನು ತಳ್ಳಿಕೊಂಡು ಬಂದವರ ಹೆಸರನ್ನೂ ಬರೆದುಕೊ." ಅವನು ಬರೆದುಕೊಂಡನು. ಕನ್ನಡದಲ್ಲಿ ಬರೆದುಕೊಂಡನೆಂಬುದನ್ನು ಇಲ್ಲಿ ಸಂತೋಷದಿಂದ ದಾಖಲಿಸಿ, ಸಂಘದ ಮುಂದಿನ ವರ್ಷಗಳು ಶುಭಪ್ರದವಾಗಲೆಂದು ಹಾರೈಸಿ, ಲೇಖನವನ್ನು ಮುಗಿಸುತ್ತೇವೆ.